ಕೇಳದೇ ಉಳಿದ ಸಾಕ್ಷಿ: ಗ್ರೀಕ್ ಪುರಾಣದ ಒಗಟು ಮತ್ತು ರೋಲ್‌ಪ್ಲೇಯಿಂಗ್ ಆಟದ ಮೇಜು

ಗ್ರೀಕ್ ಪುರಾಣವನ್ನು ಆಧರಿಸಿ ಪತ್ತೇದಾರಿ ಆಟವೊಂದನ್ನು ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಆಕ್ಷೇಪ ಸರಳವಾದದ್ದು: ಉತ್ತರ ಆಟಗಾರರಿಗೆ ಮೊದಲೇ ಗೊತ್ತು. ಥೀಬ್ಸ್ ನಗರಕ್ಕೆ ಮಾರಿ ಬಡಿದಿದೆ, ಹಳೆಯ ದೊರೆಯ ಹಂತಕನನ್ನು ಹುಡುಕಬೇಕು ಎಂದು ಗೇಮ್ ಮಾಸ್ಟರ್ ಕಥೆ ತೆಗೆದರೆ, ಮೇಜಿನ ಸುತ್ತ ಕೂತವರಲ್ಲಿ ಯಾರಾದರೊಬ್ಬರು ಈಡಿಪಸ್‌ನನ್ನು ನೆನೆಯದೆ ಇರುವುದಿಲ್ಲ. ನೆನೆದ ಮೇಲೆ ಹುಡುಕುವುದಕ್ಕೆ ಏನು ಉಳಿಯಿತು? ಬಹಳಷ್ಟು ಉಳಿಯುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಅದಕ್ಕೆ ಆಧಾರ ಸೋಫೋಕ್ಲೀಸ್‌ನ ನಾಟಕದೊಳಗೇ ಇದೆ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಚರಿತ್ರೆಯ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಯುದ್ಧದಾಟಗಳ ಬಸಿರಿನಿಂದ ಬಂದದ್ದನ್ನು ಜಾನ್ ಪೀಟರ್ಸನ್ ‘ಪ್ಲೇಯಿಂಗ್ ಅಟ್ ದ ವರ್ಲ್ಡ್’ (2012) ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಗೇಮ್ ಮಾಸ್ಟರ್ ಎನಿಸಿಕೊಂಡ ಒಬ್ಬರು ಲೋಕವನ್ನು ಬಣ್ಣಿಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುತ್ತಾರೆ, ಅನುಮಾನ ಬಂದ ಕಡೆ ದಾಳ ಉರುಳುತ್ತದೆ. ಗ್ರೀಕ್ ದೇವತೆಗಳು ಈ ಮೇಜಿಗೆ ಬೇಗನೆ ಬಂದರು. 1980ರ ‘ಡೈಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕ ಜ್ಯೂಸ್‌ನಿಗೂ ಅಂಕಿಸಂಖ್ಯೆಗಳನ್ನು ಕೊಟ್ಟು ಕೂರಿಸಿತು. 2020ರ ‘ಮಿಥಿಕ್ ಒಡಿಸೀಸ್ ಆಫ್ ಥೆರೋಸ್’ ಬೇರೆ ದಾರಿ ಹಿಡಿಯಿತು. ಅಲ್ಲಿ ಸೂರ್ಯದೇವ ಹೆಲಿಯಾಡ್, ಕಡಲ ದೇವತೆ ಥಾಸಾ. ನೆರಳು ಗ್ರೀಸಿನದು, ಹೆಸರು ಹೊಸದು. ಆಟಗಾರರ ಪೂರ್ವಜ್ಞಾನವನ್ನು ತಪ್ಪಿಸಿಕೊಳ್ಳಲು ಇದು ಸುಲಭೋಪಾಯ. ಸುಲಭವಾದದ್ದರಿಂದಲೇ ನಮ್ಮ ಪ್ರಶ್ನೆಗೆ ಅದರಿಂದ ಹೆಚ್ಚಿನ ನೆರವಿಲ್ಲ.

ತಕರಾರು ಹುಟ್ಟುವುದು ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಅವರ ‘ಷೇರ್ಡ್ ಫ್ಯಾಂಟಸಿ’ (1983) ಕೃತಿಯೊಂದಿಗೆ. ಮಿನಿಯಾಪೊಲಿಸ್ ಸುತ್ತಮುತ್ತಲ ಆಟದ ಗುಂಪುಗಳ ನಡುವೆ ಕೂತು ಬರೆದ ಈ ಪುಸ್ತಕ ಈ ಕ್ಷೇತ್ರದ ಅಡಿಗಲ್ಲು. ಎರ್ವಿಂಗ್ ಗಾಫ್‌ಮನ್‌ನ ಚೌಕಟ್ಟುಗಳ ಸಿದ್ಧಾಂತವನ್ನು ಹಿಡಿದು ಫೈನ್ ಆಡುವವರನ್ನು ಮೂರು ನೆಲೆಗಳಲ್ಲಿ ನೋಡುತ್ತಾರೆ: ಮನೆಮಠ ಇರುವ ವ್ಯಕ್ತಿ, ನಿಯಮ ಬಲ್ಲ ಆಟಗಾರ, ಕಥೆಯೊಳಗಿನ ಪಾತ್ರ. ಆಟಗಾರನಿಗೆ ತಿಳಿದದ್ದು ಪಾತ್ರಕ್ಕೆ ತಿಳಿದಿರಬಾರದು. ಆದ್ದರಿಂದ ಬಲ್ಲವನು ಅರಿಯದವನಂತೆ ನಟಿಸಬೇಕು. ಈ ನೋಟದಲ್ಲಿ ಪೂರ್ವಜ್ಞಾನ ಎಂಬುದು ಅದುಮಿಡಬೇಕಾದ ಸಂಗತಿ. ಸಾಮಾನ್ಯ ಆಟಗಳ ಮಟ್ಟಿಗೆ ಫೈನ್ ಹೇಳುವುದು ನಿಜವೇ. ಪುರಾಣದ ಮಟ್ಟಿಗೆ ಮಾತ್ರ ಅದು ಸಾಲದು, ಏಕೆಂದರೆ ‘ತಿಳಿದಿದೆ’ ಎಂದು ಆಟಗಾರ ಅಂದುಕೊಂಡಿರುವುದು ಹಲವು ಪಾಠಗಳಲ್ಲಿ ಒಂದನ್ನು ಮಾತ್ರ.

ಈಡಿಪಸ್‌ನನ್ನೇ ತೆಗೆದುಕೊಳ್ಳಬಹುದು. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಸತ್ಯ ಬಯಲಾದ ಮೇಲೂ ಅವನು ಥೀಬ್ಸ್‌ನಲ್ಲಿ ಆಳುತ್ತಲೇ ಇದ್ದ ಎನ್ನುತ್ತದೆ ‘ಒಡಿಸ್ಸಿ’ಯ 11ನೆಯ ಸರ್ಗ, ಅಲ್ಲಿ ತಾಯಿಯ ಹೆಸರು ಎಪಿಕಾಸ್ಟೆ. ಸೋಫೋಕ್ಲೀಸ್‌ನಲ್ಲಿ ಅವನೇ ತನ್ನ ಕಣ್ಣು ತಿವಿದುಕೊಳ್ಳುತ್ತಾನೆ. ಯೂರಿಪಿಡೀಸ್‌ನ ಕಳೆದುಹೋದ ‘ಈಡಿಪಸ್’ ನಾಟಕದ ಉಳಿದ ತುಣುಕೊಂದರಲ್ಲಿ ಹಳೆಯ ದೊರೆ ಲಾಯಸನ ಸೇವಕರು ಅವನನ್ನು ನೆಲಕ್ಕೊತ್ತಿ ಕಣ್ಣು ಕಳೆಯುತ್ತಾರೆ. ಅದೇ ಯೂರಿಪಿಡೀಸ್‌ನ ‘ಫಿನಿಷಿಯನ್ ಹೆಂಗಸರು’ ನಾಟಕದಲ್ಲಿ ಎಲ್ಲ ಗೊತ್ತಾಗಿ ವರ್ಷಗಳಾದರೂ ತಾಯಿ ಯೊಕಾಸ್ಟ ಬದುಕಿದ್ದಾಳೆ. ಹೀಗಿರುವಾಗ ಥೀಬ್ಸ್‌ನ ಆಟಕ್ಕೆ ಕೂತ ಓದುಗನ ಕೈಯಲ್ಲಿರುವುದು ಉತ್ತರವಲ್ಲ. ಒಬ್ಬ ಸಾಕ್ಷಿಯ ಹೇಳಿಕೆ.

ಇನ್ನೂ ಗಟ್ಟಿಯಾದ ಆಧಾರ ಸೋಫೋಕ್ಲೀಸ್‌ನ ಪಠ್ಯದಲ್ಲೇ ಇದೆ. ಲಾಯಸನ ಕೊಲೆಯ ಸುದ್ದಿ ಹೇಳುವಾಗ, ದೆಲ್ಫಿಯ ದೇವವಾಣಿ ಹೊತ್ತು ತಂದ ಕ್ರಿಯಾನ್ ಬಹುವಚನ ಬಳಸುತ್ತಾನೆ: ದರೋಡೆಕೋರರು. ತಕ್ಷಣದ ಪ್ರತಿಪ್ರಶ್ನೆಯಲ್ಲೇ ಈಡಿಪಸ್ ಅದನ್ನು ಏಕವಚನಕ್ಕೆ ಇಳಿಸಿಬಿಡುತ್ತಾನೆ. ಮುಂದೆ, ಮೂರು ದಾರಿ ಕೂಡುವ ಕಡೆ ತಾನೊಬ್ಬ ಮುದುಕನನ್ನು ಹೊಡೆದದ್ದು ನೆನಪಾಗಿ ಹೆದರಿದಾಗ ಅವನು ಆತುಕೊಳ್ಳುವುದು ಇದೇ ಲೆಕ್ಕವನ್ನು. ಬದುಕಿ ಬಂದ ಸೇವಕ ಇನ್ನೂ ‘ಹಲವರು’ ಎಂದೇ ಹೇಳಿದರೆ ಹಂತಕ ತಾನಲ್ಲ. ಆ ಮಾತನ್ನು ಊರಿಗೆ ಊರೇ ಕೇಳಿದೆ, ಅವನು ಈಗ ಹಿಂತೆಗೆಯಲಾರ ಎಂದು ಯೊಕಾಸ್ಟ ಧೈರ್ಯ ಹೇಳುತ್ತಾಳೆ. ಸೇವಕನಿಗೆ ಕರೆ ಹೋಗುತ್ತದೆ. ಅವನು ಬರುತ್ತಾನೆ. ಅಷ್ಟರಲ್ಲಿ ಕೊರಿಂಥ್‌ನ ದೂತ ಬಂದು ಮಾತಿನ ದಿಕ್ಕು ಬದಲಾಗಿದೆ. ಕರೆಸಿದ ಸೇವಕನೇ ಹಿಂದೆ ಕೂಸಾಗಿದ್ದ ಈಡಿಪಸ್‌ನನ್ನು ಒಯ್ದ ಕುರಿಗಾಹಿ ಎಂದೂ ತಿಳಿದಿದೆ. ವಿಚಾರಣೆಯೆಲ್ಲ ಕೂಸಿನ ಬಗ್ಗೆಯೇ ನಡೆಯುತ್ತದೆ. ಹಂತಕರು ಎಷ್ಟು ಮಂದಿ ಎಂದು ಆ ಏಕೈಕ ಪ್ರತ್ಯಕ್ಷಸಾಕ್ಷಿಯನ್ನು ಕೊನೆಗೂ ಯಾರೂ ಕೇಳುವುದಿಲ್ಲ!

ಸ್ಯಾಂಡರ್ ಗುಡ್‌ಹಾರ್ಟ್ (1978) ಮತ್ತು ಫ್ರೆಡರಿಕ್ ಆಲ್ (1991) ಈ ಬಿರುಕಿಗೆ ಬೆರಳಿಟ್ಟು, ಈಡಿಪಸ್ ಪುರಾವೆಯಿಲ್ಲದೆ ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡ ಎಂದು ವಾದಿಸಿದರು. ಇವರಿಗೂ ಹಿಂದೆ ಇ. ಆರ್. ಡಾಡ್ಸ್ 1966ರ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಓದುಗಳಿಗೆಲ್ಲ ಒಂದು ಬೇಲಿ ಹಾಕಿದ್ದರು: ನಾಟಕದಲ್ಲಿ ಹೇಳದಿರುವುದು ಇಲ್ಲವೆಂದೇ ಲೆಕ್ಕ. ಅರಿಸ್ಟಾಟಲ್ ಕೂಡ ಲಾಯಸ್ ಸತ್ತ ಬಗೆ ಈಡಿಪಸ್‌ಗೆ ತಿಳಿಯದಿರುವ ಅಸಂಗತಿಯನ್ನು ನಾಟಕದ ಹೊರಗೆ ಇಟ್ಟು ಸುಮ್ಮನಾಗಿದ್ದ. ರಂಗದ ಮಟ್ಟಿಗೆ ಡಾಡ್ಸ್‌ರ ನಿಯಮ ಸರಿಯಾದದ್ದು. ಲಂಕೇಶರ ‘ದೊರೆ ಈಡಿಪಸ್’ ನೋಡುತ್ತ ಕೂತ ಪ್ರೇಕ್ಷಕ ಎದ್ದು ನಿಂತು ಕುರಿಗಾಹಿಗೆ ಪ್ರಶ್ನೆ ಹಾಕಲಾರ, ಹಾಕಿದರೆ ನಟ ಉತ್ತರಿಸಲಾರ.

ಆಟದ ಮೇಜಿನ ಮೇಲೆ ಆ ನಿಯಮ ಒಂದು ಕ್ಷಣವೂ ನಿಲ್ಲುವುದಿಲ್ಲ. ಅಲ್ಲಿ ಯಾರು ಬೇಕಾದರೂ ಕುರಿಗಾಹಿಯನ್ನು ಪಕ್ಕಕ್ಕೆ ಕರೆದು ಎಷ್ಟು ಜನರಿದ್ದರೆಂದು ಕೇಳಬಹುದು. ಗೇಮ್ ಮಾಸ್ಟರ್ ಉತ್ತರ ಕೊಡಲೇಬೇಕು. ಉತ್ತರ ಏನೇ ಬರಲಿ, ಸೋಫೋಕ್ಲೀಸ್ ಖಾಲಿ ಬಿಟ್ಟ ಜಾಗ ತುಂಬುತ್ತದೆ. ‘ಒಬ್ಬನೇ’ ಎಂದರೆ ಇವನು ಇಷ್ಟು ವರ್ಷ ಸುಳ್ಳು ಹೇಳಿದ್ದೇಕೆ ಎಂಬ ಹೊಸ ಒಗಟು. ‘ಹಲವರು’ ಎಂದರೆ ದೆಲ್ಫಿಯ ದೇವವಾಣಿಯನ್ನೇ ಅನುಮಾನಿಸಬೇಕು. ನಾಟಕವನ್ನು ಬಲ್ಲವರಿಗಷ್ಟೇ ಈ ಪ್ರಶ್ನೆ ಹೊಳೆಯುತ್ತದೆ ಎಂಬುದೇ ಫೈನ್ ಅವರ ಮಾದರಿಗೆ ಸಿಗದ ಸಂಗತಿ. ಇಲ್ಲಿ ಪೂರ್ವಜ್ಞಾನವನ್ನು ಮುಚ್ಚಿಟ್ಟರೆ ಆಟ ಸಪ್ಪೆಯಾಗುತ್ತದೆ.

ಆಟ ರೂಪಿಸುವವರು ಇದನ್ನು ವಿದ್ವಾಂಸರಿಗಿಂತ ಮೊದಲೇ ಕಂಡುಕೊಂಡಂತಿದೆ. ಜಾನ್ ಹಾರ್ಪರ್ ಮತ್ತು ಶಾನ್ ನಿಟ್ನರ್ ಅವರ ‘ಅಗಾನ್’ (2020) ಆಟದಲ್ಲಿ ವೀರರು ಮನೆಗೆ ಮರಳುವ ದಾರಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರೆ. ಕಂಡ ಶಕುನ ಯಾವ ದೇವತೆಯ ಯಾವ ಇಚ್ಛೆಯನ್ನು ಸೂಚಿಸುತ್ತದೆ ಎಂಬುದನ್ನು ಅವರೇ ಅರ್ಥೈಸಬೇಕು. ದ್ವೀಪದ ಕೆಲವು ರಹಸ್ಯಗಳನ್ನು ಪುಸ್ತಕ ಪ್ರಶ್ನೆಗಳಾಗಿಯೇ ಬಿಟ್ಟಿದೆ. ಉತ್ತರ ಆಡುವಾಗ ಹುಟ್ಟಬೇಕು. ಜೇಸನ್ ಕಾರ್ಡೋವಾ ಅವರ ‘ಬ್ರಿಂಡಲ್‌ವುಡ್ ಬೇ’ ಗ್ರೀಕ್ ವಸ್ತುವಿನದಲ್ಲ, ಕೊಲೆ ಪತ್ತೆಹಚ್ಚುವ ವೃದ್ಧೆಯರದು. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಲೆಗಾರ ಯಾರೆಂದು ಗೇಮ್ ಮಾಸ್ಟರ್‌ಗೂ ತಿಳಿದಿರುವುದಿಲ್ಲ. ಆಟಗಾರರು ಊಹೆ ಮಂಡಿಸಿ ಎರಡು ದಾಳ ಉರುಳಿಸುತ್ತಾರೆ, ಸಿಕ್ಕ ಸುಳಿವುಗಳ ಸಂಖ್ಯೆ ಕೂಡುತ್ತಾರೆ, ಪ್ರಕರಣದ ಜಟಿಲತೆಯನ್ನು ಕಳೆಯುತ್ತಾರೆ. ಮೊತ್ತ ಸಾಕಷ್ಟಿದ್ದರೆ ಊಹೆಯೇ ಸತ್ಯ. ಇದೆಂಥ ಪತ್ತೇದಾರಿ ಎಂದು ಮೂಗು ಮುರಿಯುವವರಿದ್ದಾರೆ. ಆಲ್ ಓದಿದ ಈಡಿಪಸ್ ಮಾಡಿದ್ದು ಇದಕ್ಕಿಂತ ಬೇರೆಯೇನಲ್ಲ: ಸುಳಿವುಗಳ ಭಾರ ಒಂದು ಮಟ್ಟ ಮುಟ್ಟಿದೊಡನೆ ಊಹೆಯನ್ನು ತೀರ್ಪಾಗಿಸಿದ.

ಆದ್ದರಿಂದ ಈ ಲೇಖನ ಮುಂದಿಡುವ ಪ್ರಮೇಯ ಹೀಗಿದೆ: ಗ್ರೀಕ್ ಪುರಾಣದ ಪತ್ತೇದಾರಿ ಆಟದಲ್ಲಿ ರಹಸ್ಯ ಇರುವುದು ‘ಯಾರು ಮಾಡಿದರು’ ಎಂಬಲ್ಲಿ ಅಲ್ಲ, ‘ಈ ಮೇಜಿನಲ್ಲಿ ನಡೆಯುತ್ತಿರುವುದು ಯಾವ ಪಾಠ’ ಎಂಬಲ್ಲಿ. ಇದನ್ನು ಎಚ್ಚರದಿಂದ ಹಿಡಿಯಬೇಕು. ಈಡಿಪಸ್ ನಿರಪರಾಧಿ ಎಂದು ಇದರರ್ಥವಲ್ಲ. ‘ಕೊಲೊನಸ್‌ನಲ್ಲಿ ಈಡಿಪಸ್’ ನಾಟಕದಲ್ಲಿ ಅವನೇ ಕೊಲೆಯನ್ನು ಒಪ್ಪಿಕೊಂಡು, ಅರಿಯದೆ ಮಾಡಿದೆ ಎನ್ನುತ್ತಾನೆ. ಎಲ್ಲ ಪುರಾಣಕ್ಕೂ ಇದು ಸಮನಾಗಿ ಹೊಂದುವುದೂ ಅನುಮಾನ. ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ, ಹೋದದ್ದು ಅವಳ ಛಾಯೆ ಎಂಬ ಪಾಠ ಯೂರಿಪಿಡೀಸ್‌ನ ಕ್ರಿ.ಪೂ. 412ರ ನಾಟಕದಲ್ಲಿದೆ; ಅಂಥ ಕಥೆ ಈ ಬಗೆಯ ಆಟಕ್ಕೆ ಹದವಾದ ನೆಲ. ಪಾಠಭೇದ ಕಡಿಮೆಯಿರುವ ಕಥೆಗಳಲ್ಲಿ ಫೈನ್ ಹೇಳಿದಂತೆ ನಟಿಸುವುದೇ ಗತಿಯಾದೀತು. ಪಾಠಭೇದ ಎಂಬ ಮಾತೇ ಕೇಳದ ಆಟಗಾರರಿಗೆ ಗೇಮ್ ಮಾಸ್ಟರ್‌ನ ತಿರುವು ಮೋಸದಂತೆ ಕಾಣಬಹುದು.

ಕಾಣುವುದೇ ಎಂಬುದಕ್ಕೆ ಕನ್ನಡದಲ್ಲೊಂದು ಹಳೆಯ ನಿದರ್ಶನವಿದೆ, ಆಟದ್ದಲ್ಲ, ನಾಟಕದ್ದು. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ಸೋಫೋಕ್ಲೀಸ್‌ನ ‘ಅಯಾಸ್’ ನಾಟಕವನ್ನು ಮಹಾಭಾರತಕ್ಕೆ ಹೊಲಿದ ಕೃತಿ. ಚಿರಂಜೀವಿ ಎಂದು ನಾವೆಲ್ಲ ಬಲ್ಲ ಅಶ್ವತ್ಥಾಮ ಅಲ್ಲಿ ಅಯಾಸ್‌ನಂತೆ ಸಾಯುತ್ತಾನೆ. ಕಥೆ ಗೊತ್ತಿರುವವನಿಗೇ ಆ ಸಾವು ಹೆಚ್ಚು ನಾಟುತ್ತದೆ. ಗೊತ್ತಿಲ್ಲದವನಿಗೆ ಅದು ಇನ್ನೊಂದು ಸಾವು ಮಾತ್ರ.

ತೀರದ ಪ್ರಶ್ನೆ ಪುರಾವೆಯದು. ಆಟ ಮುಗಿದೊಡನೆ ಅಳಿಸಿಹೋಗುತ್ತದೆ. 2015ರಲ್ಲಿ ಶುರುವಾದ ‘ಕ್ರಿಟಿಕಲ್ ರೋಲ್’ನಂಥ ಪ್ರಸಾರಗಳು ಗಂಟೆಗಟ್ಟಲೆ ದಾಖಲೆ ಒದಗಿಸುತ್ತವೆ ನಿಜ, ಆದರೆ ಅಲ್ಲಿ ಆಡುವವರು ವೃತ್ತಿಪರ ಕಂಠನಟರು, ನೋಡುವವರಿಗಾಗಿ ಆಡುವವರು. ಮನೆಯ ಮೇಜಿನಲ್ಲಿ ಯಾರೋ ಕುರಿಗಾಹಿಯನ್ನು ಆ ಪ್ರಶ್ನೆ ಕೇಳಿದಾಗ ಏನಾಗುತ್ತದೆ ಎಂಬುದು ಅವುಗಳಿಂದ ತಿಳಿಯದು. ಅದಕ್ಕೆ ಬೇಕಿರುವುದು ಗೇಮ್ ಮಾಸ್ಟರ್‌ಗಳ ಟಿಪ್ಪಣಿ ಪುಸ್ತಕಗಳು: ಮೊದಲು ಯೋಜಿಸಿದ ಉತ್ತರ ಯಾವುದು, ಆಟಗಾರರ ಪ್ರಶ್ನೆಯ ನಂತರ ಹೊಡೆದು ಹಾಕಿ ಬರೆದದ್ದು ಯಾವುದು. ಅಂಥ ಪುಸ್ತಕ ಇಟ್ಟುಕೊಂಡವರು ಅದನ್ನು ಎಸೆಯದಿರಲಿ, ತಿದ್ದುಪಡಿಯ ಪಕ್ಕದಲ್ಲಿ ದಿನಾಂಕ ಹಾಕಲಿ.