ಡಿಜಿಟಲೀಕರಣ ಹೊರಗುತ್ತಿಗೆ, ಗ್ರಂಥಾಲಯಗಳ
ಗ್ರಂಥಾಲಯ ಅಥವಾ ಪತ್ರಾಗಾರವು ತನ್ನ ಪುಸ್ತಕ, ಹಸ್ತಪ್ರತಿ, ಕಡತಗಳ ಸ್ಕ್ಯಾನಿಂಗ್ ಕೆಲಸವನ್ನು ಕರಾರಿನ ಮೇಲೆ ಹೊರಗಿನವರಿಗೆ ವಹಿಸುವ ವ್ಯವಸ್ಥೆ. ಕೆಲಸ ಗ್ರಂಥಾಲಯದಲ್ಲೇ ನಡೆಯಬಹುದು, ಇಲ್ಲವೇ ಸಂಗ್ರಹವನ್ನು ಬೇರೆಡೆಗೆ ಸಾಗಿಸಬಹುದು. ಮುಟ್ಟಿದರೆ ಪುಡಿಯಾಗುವ ಕಾಗದಕ್ಕೆ ಮೊದಲನೆಯದೇ ಕ್ಷೇಮ. ಪುಟದ ಲೆಕ್ಕದಲ್ಲಿ ಹಣ ಕೊಟ್ಟರೆ ಅವಸರದಲ್ಲಿ ಗುಣಮಟ್ಟ ಕುಗ್ಗುವುದುಂಟು. ಹೀಗಾಗಿ ರೆಸಲ್ಯೂಶನ್, ಮೆಟಾಡೇಟಾ (ಶೀರ್ಷಿಕೆ, ಲೇಖಕರಂಥ ವಿವರಗಳ ದಾಖಲೆ), ಸಾಗಣೆಯ ಹೊಣೆ, ಬಿಟ್ಟುಹೋದ ಪುಟಗಳ ಮರುಸ್ಕ್ಯಾನಿಂಗ್, ಪ್ರತಿಗಳ ಹಕ್ಕು ಕರಾರಿನಲ್ಲೇ ನಿಗದಿಯಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಮನ್ವಯಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನಿಂಗ್ ಹಲವು ಕೇಂದ್ರಗಳಿಗೆ ಹಂಚಿಕೆಯಾಗಿತ್ತು. ಸಾವಿರಾರು ಕನ್ನಡ ಪುಸ್ತಕಗಳು ಜಾಲಕ್ಕೆ ಬಂದರೂ, ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಒಂದೊಂದು ಬಗೆಯಾಗಿ ದಾಖಲಿಸಿದ್ದರಿಂದ ಬೇಕಾದದ್ದು ಸಿಗುವುದು ಕಷ್ಟವಾಗಿತ್ತು. ಆ ಶೀರ್ಷಿಕೆಗಳನ್ನು ಕನ್ನಡ ಲಿಪಿಗೆ ತಂದದ್ದು ಸ್ವಯಂಸೇವಕರ 'ಪುಸ್ತಕ ಸಂಚಯ' ಯೋಜನೆ.