ದುಡಿಯುವವರ ಪರವಾಗಿ ರೋಮಿನಲ್ಲೊಂದು ಮನವಿ

ಕಾರ್ಮಿಕ ಸಂಘವನ್ನು ಸೇರುವುದು ಪಾಪವೇ? ಇಂದು ನಿಮಗೆ ವಿಚಿತ್ರವೆನಿಸುವ ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅನೇಕ ಕಥೋಲಿಕ ಕುಟುಂಬಗಳನ್ನು ಕಾಡಿತ್ತು.

ಅಂದು ಗಣಿ, ರೈಲುಮಾರ್ಗ, ಕಾರ್ಖಾನೆಗಳಲ್ಲಿ ಐರ್ಲೆಂಡಿನಿಂದ ವಲಸೆ ಬಂದವರು ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಯುತ್ತಿದ್ದರು. 1869ರಲ್ಲಿ ಫಿಲಡೆಲ್ಫಿಯಾದ ದರ್ಜಿಗಳು ‘ನೈಟ್ಸ್ ಆಫ್ ಲೇಬರ್’ ಎಂಬ ಸಂಘವನ್ನು ಕಟ್ಟಿದರು. ಸದಸ್ಯರೆಂದು ತಿಳಿದರೆ ಮಾಲೀಕರು ಕೆಲಸದಿಂದ ತೆಗೆಯುವರೆಂಬ ಭಯದಿಂದ ಅದು ಮೊದಲು ಗುಪ್ತವಾಗಿಯೇ ನಡೆಯಿತು. 1886ರ ವೇಳೆಗೆ ಅದರ ಸದಸ್ಯರು ಸುಮಾರು 7 ಲಕ್ಷ. ಅವರಲ್ಲಿ ಕಥೋಲಿಕರು ಬಹುಮಂದಿ. ನಾಯಕರಾದ ಟೆರೆನ್ಸ್ ಪೌಡರ್ಲಿಯವರೂ ಕಥೋಲಿಕರೇ.

ಆದರೆ ಕೆನಡಾದ ಕ್ವಿಬೆಕ್ ಮಹಾಧರ್ಮಾಧ್ಯಕ್ಷರು ವಿಚಾರಿಸಿದಾಗ, 1884ರಲ್ಲಿ ರೋಮ್ ಈ ಸಂಘವನ್ನು ಖಂಡಿಸಿತ್ತು. ಅದೇ ಖಂಡನೆ ಅಮೆರಿಕಕ್ಕೂ ಅನ್ವಯಿಸಿದ್ದರೆ ಬಡವನು ತನ್ನ ಸಂಘ ಅಥವಾ ಸಂಸ್ಕಾರಗಳಲ್ಲಿ ಒಂದನ್ನು ತೊರೆಯಬೇಕಾಗುತ್ತಿತ್ತು.

ಕಾರ್ಡಿನಲ್ ಪದವಿಯ ಕೆಂಪು ಟೋಪಿಯನ್ನು ಸ್ವೀಕರಿಸಲು 1887ರಲ್ಲಿ ರೋಮಿಗೆ ಹೋದ ಬಾಲ್ಟಿಮೋರಿನ ಜೇಮ್ಸ್ ಗಿಬ್ಬನ್ಸ್, ಫೆಬ್ರವರಿಯಲ್ಲಿ ಕಾರ್ಮಿಕರ ಪರವಾಗಿ ಮನವಿ ಸಲ್ಲಿಸಿದರು. ಖಂಡಿಸಿದರೆ ಧರ್ಮಸಭೆ ದುಡಿಯುವವರ ಹೃದಯವನ್ನೇ ಕಳೆದುಕೊಳ್ಳುವುದೆಂದು ಎಚ್ಚರಿಸಿದರು. 1888ರಲ್ಲಿ, ನಿಯಮಾವಳಿಯ ಕೆಲವು ಮಾತುಗಳನ್ನು ತಿದ್ದುವ ಷರತ್ತಿನ ಮೇಲೆ, ರೋಮ್ ಸಂಘಕ್ಕೆ ಅಡ್ಡಿಮಾಡಲಿಲ್ಲ.

ಆ ಸಂಘವೂ ನಿರ್ದೋಷಿಯಲ್ಲ. ಚೀನೀ ಕಾರ್ಮಿಕರಿಗೆ ಅದು ಬಾಗಿಲು ಮುಚ್ಚಿತ್ತು. ಬೇಗನೆ ಕ್ಷೀಣಿಸಿತು ಕೂಡ. ಆದರೆ 1891ರ ಮೇ 15ರಂದು ಜಗದ್ಗುರು ಹದಿಮೂರನೇ ಲಿಯೋ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ, ಕಾರ್ಮಿಕರು ಸಂಘಟಿತರಾಗುವುದು ಅವರ ಸಹಜ ಹಕ್ಕೆಂದು ಸಾರಿದರು.

ನಿಮ್ಮ ಮನೆಯಲ್ಲೂ ಸಂಘದ ಚೀಟಿ ಹಿಡಿದು ನೆಮ್ಮದಿಯಿಂದ ಪೂಜೆಗೆ ಹೋಗುವವರಿರಬಹುದು. ಆ ನೆಮ್ಮದಿಗಾಗಿ ಒಮ್ಮೆ ವಾದಿಸಬೇಕಾಗಿತ್ತೆಂಬುದನ್ನು ಅವರಿಗೆ ತಿಳಿಸಿರಿ.