ಮುಚ್ಚಳ ಬಿಗಿದ ಬ್ಯಾಟರಿ

ವಿದ್ಯುತ್ತು ನಿಂತಾಗ ಕಚೇರಿಯ ಗಣಕಯಂತ್ರವನ್ನು ಕೆಲವು ನಿಮಿಷಗಳ ಕಾಲ ನಡೆಸುವ ಪೆಟ್ಟಿಗೆಯನ್ನು ಯುಪಿಎಸ್ ಎನ್ನುತ್ತೇವೆ. ಅದು ಕೈಕೊಟ್ಟರೆ ಬರೆಯುತ್ತಿದ್ದ ಲೆಕ್ಕಪತ್ರ ಅರ್ಧದಲ್ಲೇ ಅಳಿದುಹೋಗುತ್ತದೆ. ಆಗ ನಾವು ಪೆಟ್ಟಿಗೆಯನ್ನು ಶಪಿಸುತ್ತೇವೆ. ಅದರೊಳಗಿನ ಬ್ಯಾಟರಿಯ ಚರಿತ್ರೆಯನ್ನು ನೋಡಿದರೆ, ಕೊರತೆ ಬಹುಮಟ್ಟಿಗೆ ನಮ್ಮ ಉಸ್ತುವಾರಿಯದೆಂದು ನನಗೆ ತೋರುತ್ತದೆ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿಸಿದನು. ಶಕ್ತಿಯನ್ನು ತುಂಬಿ, ವ್ಯಯಿಸಿ, ಮತ್ತೆ ತುಂಬಬಹುದಾದ, ವ್ಯವಹಾರಕ್ಕೆ ಒದಗಬಲ್ಲ ಮೊದಲ ಬ್ಯಾಟರಿ ಅದು. 1881ರಲ್ಲಿ ಕಮೀಲ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚಿ ಅದರ ಧಾರಣಶಕ್ತಿಯನ್ನು ಹೆಚ್ಚಿಸಿದನು.

ಮುಂದೆ ದೂರವಾಣಿ ವಿನಿಮಯ ಕೇಂದ್ರಗಳು ಇಂಥ ಬ್ಯಾಟರಿಗಳಿಗೆಂದೇ ಪ್ರತ್ಯೇಕ ಕೋಣೆಗಳನ್ನು ಕಟ್ಟಿಸಿದವು. ಅಲ್ಲಿನ ನೌಕರನು ಇಳಿದ ನೀರಿಗೆ ಬಟ್ಟಿ ಇಳಿಸಿದ ನೀರು ತುಂಬುತ್ತಿದ್ದನು. ಹೈಡ್ರೋಮೀಟರಿನಿಂದ ಆಮ್ಲದ ಸಾಂದ್ರತೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಬ್ಯಾಟರಿ ಬರಿದಾದಂತೆ ಆಮ್ಲ ತೆಳುವಾಗುತ್ತದೆ. ಆದ್ದರಿಂದ ದುರ್ಬಲವಾದ ಕೋಶದ ಸುದ್ದಿ ಅವನಿಗೆ ಮೊದಲೇ ತಿಳಿಯುತ್ತಿತ್ತು.

1950ರ ದಶಕದಲ್ಲಿ ಜರ್ಮನಿಯಲ್ಲಿ ಆಮ್ಲವನ್ನು ಲೋಳೆಯಂತೆ ಗಟ್ಟಿಗೊಳಿಸುವ ವಿಧಾನ ಬಂದಿತು. 1970ರ ದಶಕದಲ್ಲಿ ಆಮ್ಲವನ್ನು ಗಾಜಿನ ಎಳೆಗಳ ಹಾಸಿನಲ್ಲಿ ಹೀರಿಸಿಡುವ ಬ್ಯಾಟರಿಗಳು ಬಳಕೆಗೆ ಬಂದವು. ನೀರು ತುಂಬುವ ಕೆಲಸ ತಪ್ಪಿತು, ಮುಚ್ಚಳ ಬಿಗಿಯಿತು, ಬ್ಯಾಟರಿ ಮೇಜಿನ ಕೆಳಗೆ ಬಂದು ಕುಳಿತಿತು. ಆದರೆ ಅದರೊಡನೆ ಆ ನೌಕರನು ಬರಲಿಲ್ಲ. ನೀರು ಬೇಡವಾದ ಬ್ಯಾಟರಿಗೆ ಪರೀಕ್ಷೆಯೂ ಬೇಡವೆಂದು ನಾವು ತಿಳಿದೆವು.

ಈಗ ಲಿಥಿಯಂ ಬ್ಯಾಟರಿಗಳೂ ಬಂದಿವೆ. ನಾನು ಹೇಳುತ್ತಿರುವುದು ಸೀಸದ ಬ್ಯಾಟರಿಯ ಮಾತು. ಸುಮ್ಮನಿರುವಾಗ 12 ವೋಲ್ಟಿನ ಸವೆದ ಬ್ಯಾಟರಿಯೂ ಹನ್ನೆರಡೂವರೆ ವೋಲ್ಟು ತೋರಿಸಿ ಆರೋಗ್ಯವಂತನಂತೆ ನಟಿಸಬಲ್ಲದು. ಹೊರೆ ಬಿದ್ದಾಗಲೇ ಅದರ ಸತ್ಯ ಹೊರಬರುವುದು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುವ ಇದಕ್ಕೆ ಸೆಖೆ ಪರಮಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಳಿಯಾಡದ ಮೂಲೆ ಅದಕ್ಕೆ ತಕ್ಕ ಸ್ಥಳವಲ್ಲ.

ಯುಪಿಎಸ್ ಕೈಕೊಟ್ಟಾಗ ಮೊದಲು ಪ್ಲಗ್ಗು ಭದ್ರವಾಗಿದೆಯೇ ಎಂದು ನೋಡಬೇಕು. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಿದ್ದರೆ ತೆಗೆಯಬೇಕು. ಕಾಯುವಾಗ ಅದು ಒಮ್ಮೆಲೇ ಅಧಿಕ ವಿದ್ಯುತ್ತನ್ನು ಎಳೆಯುತ್ತದೆ. ಬಳಿಕ ಒಂದು ದಿನ ಪೂರ್ತಿ ಚಾರ್ಜು ಮಾಡಿ, ಗಣಕಯಂತ್ರದ ಬದಲು ಸುಮಾರು ಅಷ್ಟೇ ಹೊರೆಯ ದೀಪಗಳನ್ನು ಜೋಡಿಸಿ, ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಪ್ಲಗ್ಗನ್ನು ಕಿತ್ತರೆ ಭೂಸಂಪರ್ಕ ತಪ್ಪುವುದರಿಂದ ಹಾಗೆ ಮಾಡಬಾರದು. ದೀಪಗಳು ಎಷ್ಟು ನಿಮಿಷ ಉರಿದವೆಂದು ಗಡಿಯಾರ ನೋಡಿ ಗುರುತಿಡಬೇಕು. ಹೊಸದಿದ್ದಾಗಿನ ಅವಧಿಯ ಅರ್ಧವೂ ನಿಲ್ಲದಿದ್ದರೆ ಬ್ಯಾಟರಿಯ ಕಾಲ ಮುಗಿಯಿತು. ಒಂದೇ ಸರಣಿಯಲ್ಲಿ ಹಲವು ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಲೇಸು. ದುರ್ಬಲವಾದ ಒಂದು ಉಳಿದವನ್ನೂ ಕೆಡಿಸುತ್ತದೆ. ಉಬ್ಬಿದ ಬ್ಯಾಟರಿಯನ್ನಂತೂ ಪರೀಕ್ಷೆಗೂ ಬಳಸಕೂಡದು. ಹಳೆಯದನ್ನು ಕಸಕ್ಕೆ ಎಸೆಯದೆ ಮಾರಿದವರಿಗೇ ಹಿಂದಿರುಗಿಸಬೇಕು, ಸೀಸವು ವಿಷ.

ಈ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿ, ದಿನಾಂಕವನ್ನೂ ನಿಮಿಷಗಳನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದರೆ ಸಾಕು. ಬ್ಯಾಟರಿ ಕೋಣೆಯ ಆ ನೌಕರನ ಪುಸ್ತಕ ಅಷ್ಟರಮಟ್ಟಿಗಾದರೂ ನಮ್ಮಲ್ಲಿ ಉಳಿದಂತಾಗುತ್ತದೆ.